ಅಪ್‌ಡೇಟ್: ಅಪ್ಪನ ಜೊತೆ ಲಡಾಖ್‌ಗೆ ಹೋಗಿ ಬಂದೆವು

ಅಪ್ಪನಿಗೆ 62 ವರ್ಷ, ಶ್ರೀನಗರದಿಂದ ಲೇಹ್‌ಗೆ ಕಾರಲ್ಲಿ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದು ದಾವಣಗೆರೆ ಸೇರಿ ನಾಲ್ಕು ದಿನ ಆಯಿತು. ಎತ್ತರಕ್ಕೆ ಮೈ ಒಗ್ಗೋಕೆ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಉಳಿಯಿರಿ ಅಂದವರಿಗೆ ಥ್ಯಾಂಕ್ಸ್. ಮಾರನೇ ದಿನ 4,108 ಮೀಟರ್ ಎತ್ತರದ ಫೋಟು ಲಾ ಅನ್ನೋ ಘಾಟಿಯಲ್ಲಿ ಅಪ್ಪನಿಗೆ ಸ್ವಲ್ಪ ತಲೆ ಭಾರ ಅನ್ನಿಸಿತು, ಅಷ್ಟೇ. ನಾವು ಊರಿಂದ ಒಯ್ದಿದ್ದ ಖಾರ ಶೇಂಗಾದ ಪ್ಯಾಕೆಟ್ ಮಾತ್ರ, ಅಲ್ಲಿ ಗಾಳಿಯ ಒತ್ತಡ ಕಡಿಮೆ ನೋಡಿ, ಬಲೂನಿನ ಹಾಗೆ ಉಬ್ಬಿ, ಗುಂಡಿ ಹಾರಿದಾಗ ಪಟ್ ಅಂತ ಒಡೆದು, ಸೀಟಿನ ತುಂಬಾ ಶೇಂಗಾ! ಅಲ್ಲಿಂದ ಇಳಿದರೆ ಲಾಮಾಯೂರು ಅನ್ನೋ ಹಳ್ಳಿ. ಕೆರೆ ಬತ್ತಿ ಉಳಿದ ಹಳದಿ ಮಣ್ಣಿನ ಗುಡ್ಡಗಳು, ಹಿಂದೆ ಕಂದು, ನೇರಳೆ ಬೆಟ್ಟ, ಹುಡುಕಿದರೂ ಒಂದು ಗಿಡ ಇಲ್ಲ. "ಇದರ ಮುಂದೆ ನಮ್ಮ ಚಿತ್ರದುರ್ಗ ಮಲೆನಾಡು ಕಣೋ" ಅಂದರು ಅಪ್ಪ. ಅಂದ ಹಾಗೆ, ನನ್ನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲೇ ಇಲ್ಲ, ಪೋಸ್ಟ್‌ಪೇಯ್ಡ್ ಬೇಕು. ಫೋನ್ ಮಾಡಲಿಲ್ಲ ಅಂತ ಅಮ್ಮ ಇನ್ನೂ ಮುನಿಸಿಕೊಂಡಿದ್ದಾಳೆ.