ಸಹಾಯ ಬೇಕು: ಸಲಿಂಗ ವಿವಾಹ ಡಿಬೇಟ್‌ಗೆ ಪಾಯಿಂಟ್ಸ್
ಲಾ ಓದಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೆಲ್ಪ್ ಮಾಡಿ. ಕಾಲೇಜ್ ಡಿಬೇಟಲ್ಲಿ ಸಲಿಂಗ ವಿವಾಹಕ್ಕೆ ಕಾನೂನು ಮಾನ್ಯತೆ ಬೇಕು ಅಂತ ಮಾತಾಡ್ಬೇಕು. ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದ 2018ರ ಸುಪ್ರೀಂ ಕೋರ್ಟ್‌ನ ಸೆಕ್ಷನ್ 377 ತೀರ್ಪು ನಮ್ ಕಡೆ ಇದೆ ಸರಿ, ಆದ್ರೆ ಸಲಿಂಗ ವಿವಾಹಕ್ಕೆ ಮಾನ್ಯತೆ ಕೇಳಿದ್ದ 2023ರ ಸುಪ್ರಿಯೋ ಕೇಸಲ್ಲಿ ಐದೂ ಜಡ್ಜ್‌ಗಳು ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡೋದು ಪಾರ್ಲಿಮೆಂಟ್ ಕೆಲಸ ಅಂದ್ಬಿಟ್ರು, ಎದುರು ಟೀಮ್ ಇದನ್ನೇ ಹಿಡ್ಕೊಂಡು ಕೂರುತ್ತೆ ಗ್ಯಾರಂಟಿ. ನಂಗಿರೋ ಆಸರೆ ಆ ಐವರಲ್ಲೇ ಇಬ್ರು ಜಡ್ಜ್‌ಗಳಾದ ಚಂದ್ರಚೂಡ್, ಕೌಲ್ ಅವರ ಭಿನ್ನ ತೀರ್ಪು ಒಂದೇ, ಮದುವೆ ಅಲ್ದಿದ್ರೂ ಜೊತೆಗೆ ಬಾಳೋ ಸಂಬಂಧಕ್ಕೆ ಮಾನ್ಯತೆ ಇರ್ಬೇಕು ಅಂದಿದ್ದು. ಮಜಾ ನೋಡಿ, ಇಂಥ ಜೋಡಿ ಜಾಯಿಂಟ್ ಅಕೌಂಟ್ ತೆಗೆಯೋಕೆ ಅಡ್ಡಿಯಿಲ್ಲ ಅಂತ 2024ರಲ್ಲಿ ಕೇಂದ್ರವೇ ಹೇಳಿದೆ, ಅದೇ ಆಸ್ತಿ ಉತ್ತರಾಧಿಕಾರಕ್ಕೆ ಬಂದ್ರೆ ಇಬ್ರೂ ಯಾರೋ ಏನೋ! ಇದನ್ನ ಸಂವಿಧಾನದ ಆರ್ಟಿಕಲ್ 14ಕ್ಕೆ (ಕಾನೂನಿನ ಮುಂದೆ ಎಲ್ರೂ ಸಮಾನ ಅನ್ನೋದು) ಹೇಗೆ ಜೋಡಿಸ್ಲಿ? ತೀರ್ಪಿನ ಕನ್ನಡ ಸಾರಾಂಶ ಇದ್ರೆ ಲಿಂಕ್ ಹಾಕಿ. ಕಾಮೆಂಟಲ್ಲಿ ಜಗಳ ಬೇಡ ಪ್ಲೀಸ್.