ಒದ್ದೆ ಕಲ್ಲಿನ ಮಾತು, ಪುಟ್ಟಿ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಅಷ್ಟರಲ್ಲೇ ತೀರ್ಥಹಳ್ಳಿ ಅತ್ತಿಗೆ ಕಳಿಸಬೇಡ ಅಂತ ಹಾಕಿದಾರೆ, ಕೊಪ್ಪದ ಭಾವ ಹೋಗ್ಲಿ ಬಿಡು ಅಂತ ಹಾಕಿದಾರೆ. ನಂಗೆ ಇಷ್ಟುದ್ದ ಟೈಪ್ ಮಾಡೋಕಾಗಲ್ಲ, ಮಾತಲ್ಲೇ ಹೇಳ್ತೀನಿ, ಪೂರ್ತಿ ಕೇಳು. ಅಮ್ಮ ನಮ್ಮ ಕಲಾ ಸಂಘದವರ ಜೊತೆ ಕೆಳದಿ, ಇಕ್ಕೇರಿ ದೇವಸ್ಥಾನ, ಅದರ ಮುಂದಿನ ಭಾನುವಾರ ಕವಲೇದುರ್ಗದ ಕೋಟೆ, ಎಲ್ಲದಕ್ಕೂ ಹೆಸರು ಕೊಡ್ತೀನಿ ಅಂತಿದಾಳೆ, ಮಂಡಿ ನೋವು ಬೇರೆ, ಮಳೆ ಇನ್ನೂ ಬಿಟ್ಟಿಲ್ಲ, ಕಳಿಸ್ಲಾ ಬೇಡ್ವಾ ದೊಡ್ಡಮ್ಮ ಅಂತ ಕೇಳಿದೀಯ. ನಿನ್ನ ಅಮ್ಮ ಎಂಥವಳು ಅಂತ ಈ ಗುಂಪಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಬೇಡ ಅಂದ್ರೆ ಇನ್ನೂ ಮುಂದೆ ಹೋಗಿ ನಿಲ್ತಾಳೆ.

ಕವಲೇದುರ್ಗದ ಮಾತು ಬಂತಲ್ಲ, ನನ್ನ ಕೈ ಕಥೆ ಕೇಳು. ನೀನು ಆವಾಗ ಕಾಲೇಜು, ನಿಂಗೆ ಅರ್ಧ ಮಾತ್ರ ಗೊತ್ತು. ಆಗ ನಂಗೆ 58. ಸಂಘದಿಂದಲೇ ಹೋಗಿದ್ವಿ, ಇದೇ ಭಾದ್ರಪದದಲ್ಲಿ. ಶುರುವಲ್ಲಿ ಗದ್ದೆ ಅಂಚು, ಆಮೇಲೆ ಕಲ್ಲು ಹಾಸಿದ ದಾರಿ, ಒಂದಾದ ಮೇಲೆ ಒಂದು ಕೋಟೆ ಬಾಗಿಲು. ಎರಡನೇ ಬಾಗಿಲು ದಾಟಿದ ಮೇಲೆ ನೆರಳಲ್ಲಿ ಕಲ್ಲಿನ ಮೇಲೆಲ್ಲ ಹಾವಸೆ ಕಟ್ಟಿತ್ತು. ಕಣ್ಣಿಗೆ ಬರೀ ಹಸಿರು ಬಣ್ಣದ ಹಾಗೆ ಕಾಣತ್ತೆ, ಕಾಲಿಟ್ರೆ ಬೆಣ್ಣೆ. ನನ್ನ ಕಾಲಲ್ಲಿ ಹವಾಯಿ ಚಪ್ಪಲಿ, ಅಡಿ ಸವೆದು ಹೋಗಿತ್ತು. ಒಂದೇ ಸಲ ಕಾಲು ಹೋಯ್ತು, ಬಲಗೈ ಊರಿದೆ, ಮಣಿಕಟ್ಟಲ್ಲಿ ಲಟಕ್ ಅಂತು. ಆ ಸದ್ದು ನಂಗೆ ಈಗಲೂ ಕೇಳತ್ತೆ ಪುಟ್ಟಿ. ಮುಂದಿನವರಿಗೆ ಗೊತ್ತೇ ಆಗಲಿಲ್ಲ, ಎಲ್ಲರೂ ಅರಮನೆ ಪಾಯ ನೋಡೋಕೆ ಮೇಲೆ ಹೋಗಿಬಿಟ್ರು. ನಾನು ಬಾಗಿಲ ಕಲ್ಲಿನ ಕೆಳಗೆ ಕೈ ಮಡಿಲಲ್ಲಿ ಇಟ್ಕೊಂಡು ಕೂತೆ. ಹಿಮ್ಮಡಿ ಹತ್ತಿರ ಉಂಬಳ, ಅದೇ ಜಿಗಣೆ, ಎರಡು ಕಚ್ಚಿ ಊದ್ಕೊಂಡಿದ್ವು, ಕೀಳೋಕೆ ಕೈ ಬರಲಿಲ್ಲ. ಕಡೆಗೆ ಬಸ್ಸಿನ ಡ್ರೈವರ್ರೇ ಬಂದು ಇಳಿಸಿದ್ದು. ಆರು ವಾರ ಪ್ಲಾಸ್ಟರು. ಇವತ್ತಿಗೂ ಹಿಟ್ಟು ನಾದೋಕೆ ಎಡಗೈಯೇ.

ಅದಕ್ಕೇ ಹೇಳೋದು, ಒದ್ದೆ ಕಲ್ಲನ್ನ ನಂಬಬಾರದು. ಅಜ್ಜನ ಮನೇಲಿ ಮಳೆಗಾಲ ಬಂತು ಅಂದ್ರೆ ಅಂಗಳಕ್ಕೆ ಅಡಕೆ ಸೋಗೆ ಯಾಕೆ ಹಾಸ್ತಿದ್ರು? ಅಷ್ಟು ಹಳಬರೇ ಹೆದರ್ತಿದ್ರು.

ಹಂಗಂತ ಸಂಘದ್ದು ಬೇಡ ಅಂತ ನಾನು ಅನ್ನಲ್ಲ. ಶನಿವಾರ ಸಂಜೆ ಕೆಳದಿ ಅರಸರ ದೇವಸ್ಥಾನಗಳ ಮೇಲೆ ಉಪನ್ಯಾಸ ಇದೆಯಲ್ಲ, ಅದಕ್ಕೆ ಅಮ್ಮ ಹೋಗಲೇಬೇಕು. ಅದನ್ನ ಕೇಳದೆ ಇಕ್ಕೇರಿಗೆ ಹೋದೋರು ಅಘೋರೇಶ್ವರನ ಗುಡಿಯಲ್ಲಿ ದೇವರ ಮುಂದೆ ನೆಲದಲ್ಲಿ ಕೆತ್ತಿರೋ ಅರಸರ ಮೇಲೇ ಕಾಲಿಟ್ಟು ನಡೀತಾರೆ. ಅಡ್ಡಬಿದ್ದ ಹಾಗೆ ಕೆತ್ತಿದಾರೆ ಅವರನ್ನ. ಇನ್ನೊಂದು, ನಮ್ಮ ತೋಟದೋರಿಗೆ ಗೊತ್ತಿರಬೇಕಾದ್ದು, ಅಲ್ಲಿ ಕಂಬಗಳ ನಡುವಿನ ಅಂತರವೇ ತೋಟದ ಅಳತೆಗೋಲು ಆಗಿತ್ತು ಅಂತ ಹಿಂದಿಂದ ಹೇಳ್ಕೊಂಡು ಬಂದಿದಾರೆ, 18 ಅಡಿ 6 ಇಂಚು. ಅದಕ್ಕೆ ದಾಯ ಅಂತ ಹೆಸರು. ಕೆಳದಿಯಲ್ಲಿ ವೀರಭದ್ರನ ಗುಡಿಯ ಚಾವಣಿಯಲ್ಲಿ ಗಂಡಭೇರುಂಡ, ಕತ್ತೆತ್ತಿ ನೋಡಬೇಕು, ನೋಡ್ತಾ ನಡೀಬಾರದು. ನಿಂತು ನೋಡಬೇಕು.

ಉಪನ್ಯಾಸ ಅಂದ್ರೆ ನನ್ನ ಹೊಟ್ಟೆ ಉರಿಯತ್ತೆ ಅದು ಬೇರೆ ಮಾತು. ಇಪ್ಪತ್ತೆರಡು ವರ್ಷ ಆ ಸಂಘದಲ್ಲಿ ಇದೀನಿ. ನಮ್ಮನ್ನ ವೇದಿಕೆಗೆ ಕರೆಯೋದು ಪ್ರಾರ್ಥನೆಗೆ, ಆಮೇಲೆ ಕಾಫಿ ಲೋಟ ಎಣಿಸೋಕೆ. ಒಂದು ಸಲ, ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ ಇದೆಯಲ್ಲ, ಅದರ ಬಗ್ಗೆ ಮಾತಾಡಿ ಅಂದ್ರು. ಮೂರು ತಿಂಗಳು ಸೊರಬ ಕಡೆ ದೀವರ ಸಮುದಾಯದವರ ಮನೆಮನೆಗೆ ಹೋಗಿ ಬರ್ಕೊಂಡೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ, ಒಬ್ಬ ಅಜ್ಜಿ ತನ್ನ ಕುಂಚವನ್ನೇ ನಂಗೆ ಕೊಟ್ಟಿದ್ರು. ಅವತ್ತು ಸಭೇಲಿ ಸನ್ಮಾನವೇ ಒಂದು ಗಂಟೆ ನಡೀತು, ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಎದ್ದಾಗ ಸಮಯದ ಅಭಾವ, ಐದು ನಿಮಿಷದಲ್ಲಿ ಮುಗಿಸಿ ಅಂತ ಚೀಟಿ ಬಂತು. ಆ ಕುಂಚ ಮೇಜಿನ ಮೇಲೇ ಇತ್ತು, ಒಬ್ಬರೂ ಮುಟ್ಟಿ ನೋಡಲಿಲ್ಲ. ಆ ಅಜ್ಜಿ ಈಗಿಲ್ಲ. ಹೆಣ್ಣುಮಕ್ಕಳ ಕೈಯಲ್ಲೇ ಉಳಿದಿರೋ ಕಲೆ, ಹೆಣ್ಣುಮಕ್ಕಳೇ ಹೇಳೋಕೆ ಹೋದ್ರೆ ಐದು ನಿಮಿಷ! ಅದನ್ನ ನಾನು ಮರೆಯಲ್ಲ. ಈ ಸಲ ಮೀಟಿಂಗಲ್ಲಿ ಹೇಳೇ ಹೇಳ್ತೀನಿ.

ಎಲ್ಲಿದ್ದೆ? ಹಾಂ, ಅಮ್ಮನ ವಿಷಯ. ಇನ್ನೊಂದ್ಸಲ ಹೇಳ್ತೀನಿ, ಒದ್ದೆ ಕಲ್ಲನ್ನ ನಂಬಬಾರದು, ಸವೆದ ಚಪ್ಪಲಿ ಹಾಕಿ ಕಳಿಸಬೇಡ.

ಕೆಳದಿ, ಇಕ್ಕೇರಿಗೆ ಹೋಗ್ಲಿ, ಹತ್ತೋದೇನಿಲ್ಲ, ಸಾಗರದಿಂದ ಹತ್ತಿರ ಎರಡೂ. ಗುಡಿ ಅಂಗಳದಲ್ಲಿ ಚಪ್ಪಲಿ ಬಿಡಬೇಕಲ್ಲ, ಆಗ ಸಾಕ್ಸ್ ಹಾಕ್ಕೊಂಡು ನಡೀಬಾರದು, ಬರಿಗಾಲೇ ಗಟ್ಟಿ, ಯಾರದಾದ್ರೂ ಕೈ ಹಿಡ್ಕೋಬೇಕು. ಕವಲೇದುರ್ಗಕ್ಕೆ ಈಗ ಹೆಸರು ಬೇಡ. ದೀಪಾವಳಿ ಕಳೆದು ಹದಿನೈದು ದಿನಕ್ಕೆ ನಾನೇ ಕರ್ಕೊಂಡು ಹೋಗ್ತೀನಿ, ಕಲ್ಲು ಒಣಗಿರತ್ತೆ, ಮಂಗನ ಕಾಯಿಲೆ ಹರಡೋ ಉಣುಗಿನ ಕಾಲವೂ ಇನ್ನೂ ಜೋರಾಗಿರಲ್ಲ. ತಿಂಗಳ ಕೊನೆಗೆ ಹೆಗ್ಗೋಡಲ್ಲಿ ನಾಟಕ ಇದೆ, ಅದಕ್ಕೆ ಇಬ್ಬರೂ ಹೋಗ್ತೀವಿ.

ಬಿಪಿ ಮಾತ್ರೆ ಕೈಚೀಲದಲ್ಲೇ ಇರಲಿ, ಬಸ್ಸಿನ ಮೇಲಿನ ಬ್ಯಾಗಲ್ಲಿ ಬೇಡ. ನಿನ್ನ ನಂಬರು ಒಂದು ಚೀಟಿಯಲ್ಲಿ ಬರೆದು ಪರ್ಸಲ್ಲಿ ಇಡು. ಸೀಟು ಮುಂದಿನದ್ದೇ ಕೇಳಬೇಕು, ಹಿಂದೆ ಕೂತ್ರೆ ಆ ತಿರುವುಗಳಲ್ಲಿ ಅವಳಿಗೆ ವಾಂತಿ. ಬಸ್ಸು ಬಿಡೋವಾಗ ತಲೆ ಎಣಿಸಿ ಅಂತ ನಾನೇ ಕಾರ್ಯದರ್ಶಿಗೆ ಫೋನ್ ಮಾಡ್ತೀನಿ. ಅಡಿಯಲ್ಲಿ ಹಲ್ಲು ಇರೋ ಶೂ ಬೇಕು ಅವಳಿಗೆ. ನಂಬರು ಐದೋ ಆರೋ ಕೇಳಿ ಇಲ್ಲೇ ಹಾಕು, ನಾಳೆ ಗಾಂಧಿ ಬಜಾರಿಗೆ ಹೋಗೋಳಿದೀನಿ, ತಂದಿಡ್ತೀನಿ.