ಮೀನು ನೋಡಿದರೆ ಮಾರ್ಕ್ಸ್ ಬರುತ್ತಾ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ಶುರುವಾದ ಜಗಳ ಇದು. ಗುಡ್ ಮಾರ್ನಿಂಗ್ ಹೂಗಳನ್ನೂ ಮದುವೆ ಛತ್ರದ ಮಾತನ್ನೂ ತೆಗೆದು ಹಾಕಿದ್ದೇನೆ. ದೊಡ್ಡಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅಕ್ಕ ಸರ್ಕಾರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾಳೆ. ಪುಟ್ಟಿ ಅವಳ ಮಗಳು, ಬೇರೊಂದು ಕಾಲೇಜಿನಲ್ಲಿ ಬಿಎಸ್‌ಸಿ ಎರಡನೇ ವರ್ಷ.

ದೊಡ್ಡಪ್ಪ: (ಫಾರ್ವರ್ಡ್) ಜರ್ಮನಿಯ ಮಹಾನ್ ಪ್ರೊಫೆಸರ್ ಒಬ್ಬರು ಶಿಷ್ಯನ ಕೈಗೆ ಸತ್ತ ಮೀನು ಕೊಟ್ಟು ನೋಡು ಎಂದರು. ಶಿಷ್ಯ ಮೂರು ತಿಂಗಳು ಅದೊಂದೇ ಮೀನು ನೋಡಿದ. ಜಗತ್ಪ್ರಸಿದ್ಧ ವಿಜ್ಞಾನಿಯಾದ. ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ಪುಟ್ಟಿ ಓದಲಿ ಅಂತ ಹಾಕಿದ್ದೇನೆ. ಈಗಿನ ಮಕ್ಕಳು ಮೂರು ನಿಮಿಷ ಒಂದು ಕಡೆ ಕೂರುವುದಿಲ್ಲ.

ಚಿಕ್ಕಮ್ಮ: ಮೂರು ತಿಂಗಳಾ? ಆ ವಾಸನೆ ಹೇಗೆ ತಡೆದುಕೊಂಡನೋ ಪಾಪ.

ಪುಟ್ಟಿ: ಓದಿದೆ ಅಜ್ಜ. ನಮಗೆ ಒಂದೇ ಪ್ರಾಕ್ಟಿಕಲ್‌ನಲ್ಲಿ ಹತ್ತು ಜಾಡಿ ಇಡುತ್ತಾರೆ. ಒಂದೊಂದಕ್ಕೂ ಹೆಸರು, ವರ್ಗ, ಎರಡು ಲಕ್ಷಣ ಬರೆಯಬೇಕು. ಎಲ್ಲ ಸೀನಿಯರ್‌ಗಳ ರೆಕಾರ್ಡ್‌ನಲ್ಲಿ ಇರುತ್ತದೆ. ಜಾಡಿ ಕಡೆ ತಿರುಗಿ ನೋಡದಿದ್ದರೂ ಸಹಿ ಬೀಳುತ್ತೆ. ನೋಡುತ್ತಾ ನಿಂತರೆ, ಏನಮ್ಮಾ ಇನ್ನೂ ಮುಗಿದಿಲ್ವಾ ಅಂತಾರೆ.

ದೊಡ್ಡಪ್ಪ: ನಾವು ಕಪ್ಪೆ ಕೊಯ್ದು ಕಲಿತವರು.

ಅಕ್ಕ: ದೊಡ್ಡಪ್ಪ, ಡಿಸೆಕ್ಷನ್ ನಿಲ್ಲಿಸಿ ಅಂತ ಯುಜಿಸಿ 2014ರಲ್ಲೇ ಹೇಳಿದೆ. ಆಗಲೂ ಮಕ್ಕಳು ನೋಡುತ್ತಿದ್ದದ್ದು ಕಪ್ಪೆಯನ್ನಲ್ಲ. ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿರುವ ನರ ಇದರಲ್ಲಿದೆಯಾ ಅಂತ ಹುಡುಕುವುದು. ಸಿಗದಿದ್ದರೆ ಚಿತ್ರ ನೋಡಿಯೇ ಬರೆಯುವುದು.

ನಾನು: ದೊಡ್ಡಪ್ಪ, ಕಥೆ ನಿಜ. ಫಾರ್ವರ್ಡ್ ಮಾಡಿದವರು ಕೆಡಿಸಿದ್ದಾರೆ. ಆ ಪ್ರೊಫೆಸರ್ ಲೂಯಿ ಅಗಾಸಿ. ಹುಟ್ಟಿದ್ದು ಸ್ವಿಟ್ಜರ್ಲೆಂಡ್, ಪಾಠ ಮಾಡಿದ್ದು ಅಮೆರಿಕದ ಹಾರ್ವರ್ಡ್‌ನಲ್ಲಿ. ಶಿಷ್ಯ ಸ್ಯಾಮ್ಯುಯೆಲ್ ಸ್ಕಡರ್. ಅವನೇ 1874ರಲ್ಲಿ ಇದನ್ನು ಬರೆದಿದ್ದಾನೆ. ಕೀಟಗಳ ಬಗ್ಗೆ ಕಲಿಯೋಣ ಅಂತ ಬಂದವನಿಗೆ ಮೀನು ಗಂಟುಬಿತ್ತು. ಮೂರು ತಿಂಗಳಲ್ಲ, ಮೂರು ದಿನ. ಹತ್ತೇ ನಿಮಿಷಕ್ಕೆ ಎಲ್ಲ ನೋಡಿ ಆಯ್ತು ಅಂದುಕೊಂಡ. ಹೇಳೋಣ ಅಂದರೆ ಪ್ರೊಫೆಸರ್ ಇಲ್ಲ. ಭೂತಗನ್ನಡಿ ಮುಟ್ಟುವ ಹಾಗಿಲ್ಲ. ಬೇಜಾರಾಗಿ ಮೀನಿನ ಗಂಟಲಿಗೆ ಬೆರಳು ಹಾಕಿ ಹಲ್ಲು ಎಷ್ಟು ಚೂಪು ಅಂತ ಮುಟ್ಟಿ ನೋಡಿದ. ಹುರುಪೆಯ ಸಾಲುಗಳನ್ನು ಎಣಿಸಿದ. ಕೊನೆಗೆ ಚಿತ್ರವಾದರೂ ಬರೆಯೋಣ ಅಂತ ಕೂತ. ಆಗ, ಅಷ್ಟು ಹೊತ್ತು ಕಾಣದೇ ಇದ್ದದ್ದು ಕಾಣತೊಡಗಿತು.

ನಾನು: ಪ್ರೊಫೆಸರ್ ಬಂದು ಎಲ್ಲ ಕೇಳಿಸಿಕೊಂಡರು. ಕಣ್ಣೆದುರಿಗೇ ಇರುವುದನ್ನು ಬಿಟ್ಟಿದ್ದೀಯ ಅಂತ ಮತ್ತೆ ಕೂರಿಸಿದರು. ಮರುದಿನ ಸ್ಕಡರ್ ಹೇಳಿದ: ಎರಡೂ ಪಕ್ಕ ಒಂದೇ ಥರ, ಅಂಗಗಳು ಜೋಡಿ ಜೋಡಿ. ಅದೇ ಅವರಿಗೆ ಬೇಕಿದ್ದ ಉತ್ತರ.

ಭಾವ: ಇಷ್ಟೇನಾ? ಇದನ್ನು ಹೇಳಿಕೊಡಲು ಒಂದು ನಿಮಿಷ ಸಾಕಿತ್ತು. ಮೇಷ್ಟ್ರ ತಲೆಯಲ್ಲಿ ಉತ್ತರ ಮೊದಲೇ ಇತ್ತು, ಹುಡುಗ ಅದನ್ನು ಊಹಿಸಬೇಕಿತ್ತು. ಇದು ಸ್ವಂತ ಯೋಚನೆ ಹೇಗಾಗುತ್ತದೆ?

ದೊಡ್ಡಪ್ಪ: ಹೇಳಿಕೊಟ್ಟದ್ದು ಪರೀಕ್ಷೆ ಮುಗಿಯುವ ತನಕ, ತಾನೇ ಕಂಡದ್ದು ಸಾಯುವ ತನಕ.

ಭಾವ: ಇದನ್ನೂ ಹತ್ತು ಜನಕ್ಕೆ ಕಳಿಸಿ ಮಾವ.

ಅಕ್ಕ: ನಿಮ್ಮ ಭಾವ ಅಪರೂಪಕ್ಕೆ ಸರಿಯಾಗಿ ಹೇಳಿದ್ದಾರೆ. ಅಗಾಸಿ ಜೀವಮಾನವಿಡೀ ಮೀನು ನೋಡಿದರು. 1859ರಲ್ಲಿ ವಿಕಾಸವಾದ ಹೇಳುವ ಡಾರ್ವಿನ್ ಪುಸ್ತಕ ಬಂತು. 1873ರಲ್ಲಿ ಸಾಯುವ ತನಕ ಇವರು ಒಪ್ಪಲೇ ಇಲ್ಲ. ಒಂದೊಂದು ಜೀವಿಯನ್ನೂ ದೇವರು ಬೇರೆಬೇರೆಯಾಗಿ ಸೃಷ್ಟಿಸಿದ್ದು ಅನ್ನುತ್ತಿದ್ದರು. ಅದಕ್ಕಿಂತ ಕೆಟ್ಟದ್ದು, ಮನುಷ್ಯ ಜನಾಂಗಗಳ ಮೂಲವೂ ಬೇರೆಬೇರೆ, ಕರಿಯರು ಕೀಳು ಅಂತ ವಾದಿಸಿದರು. ಅಷ್ಟೊಂದು ನೋಡಿದ ಕಣ್ಣಿಗೆ ಎದುರಿಗಿದ್ದ ಮನುಷ್ಯ ಕಾಣಲಿಲ್ವಾ? ಫಾರ್ವರ್ಡ್‌ನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ದೊಡ್ಡಪ್ಪ: ಸರಿಯಮ್ಮ. ಆದರೆ ಪಾಠದ ಕ್ರಮವೇ ತಪ್ಪಾ?

ನಾನು: ತಪ್ಪಲ್ಲ, ಅರ್ಧ. ಅದೇ ಅಗಾಸಿ 1836ರಲ್ಲಿ ಆಲ್ಪ್ಸ್‌ಗೆ ಹೋಗಿದ್ದರು. ಹಿಂದೆ ಹಿಮನದಿಗಳು ಬಹಳ ದೂರದ ತನಕ ಹರಡಿದ್ದವು ಅಂತ ಶಾರ್ಪಾಂತಿಯೆ ಎಂಬ ಗೆಳೆಯ ಹೇಳುತ್ತಿದ್ದರು, ಇವರಿಗೆ ನಂಬಿಕೆ ಇರಲಿಲ್ಲ. ಅದು ಸುಳ್ಳು ಅಂತ ತೋರಿಸಲು ಹೋದವರು ಬಂಡೆಗಳ ಮೇಲಿನ ಗೀರು, ಎಲ್ಲಿಂದಲೋ ಬಂದು ಕೂತ ಕಲ್ಲುಗುಂಡು ಎಲ್ಲ ನೋಡಿ ಮನಸ್ಸು ಬದಲಿಸಿದರು. 1840ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಮೀನಿನ ವಿಷಯಕ್ಕೆ ಬಂದಾಗ ಆ ಮನಸ್ಸು ಎಲ್ಲಿ ಹೋಯಿತೋ. ಅವರ ಶಿಷ್ಯರಲ್ಲಿ ಬಹಳ ಜನ ವಿಕಾಸವಾದ ಒಪ್ಪಿದರು. ಮೇಷ್ಟ್ರು ಕಲಿಸಿದ ಹಾಗೇ ನೋಡಿ, ಮೇಷ್ಟ್ರ ಮಾತನ್ನೇ ಬಿಟ್ಟರು. ನನಗೆ ಇಷ್ಟವಾದ ಭಾಗ ಅದು.

ಪುಟ್ಟಿ: ನಮ್ಮಲ್ಲಿ ಮೇಷ್ಟ್ರ ನೋಟ್ಸ್ ಬಿಟ್ಟು ಬರೆದರೆ ಇಂಟರ್ನಲ್ಸ್ ಹೋಗುತ್ತೆ ಮಾಮ.

ಭಾವ: ಅದಕ್ಕೇ ಹೇಳಿದ್ದು. ಹಾರ್ವರ್ಡ್ ಕಥೆ ಇಲ್ಲಿ ನಡೆಯುವುದಿಲ್ಲ.

ನಾನು: ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೇ ನಡೆದಿದೆ ಭಾವ. ಕೀಟಗಳ ನಡವಳಿಕೆ ಅಧ್ಯಯನ ಮಾಡುವ ವಿಜ್ಞಾನಿ ರಾಘವೇಂದ್ರ ಗದಗ್ಕರ್ ಅಲ್ಲಿ ಓದುವಾಗ ಪ್ರಾಣಿಶಾಸ್ತ್ರ ವಿಭಾಗದ ಕಿಟಕಿಗಳಲ್ಲಿ ಕಣಜದ ಹುಳುಗಳ ಗೂಡುಗಳಿದ್ದವು. ಐಐಎಸ್‌ಸಿಯಲ್ಲಿ ಪಿಎಚ್‌ಡಿ ಮಾಡಿದ್ದು ಮಾಲಿಕ್ಯುಲರ್ ಬಯಾಲಜಿಯಲ್ಲಿ. ಆದರೂ ಕಣಜ ಬಿಡಲಿಲ್ಲ. ಒಂದೊಂದಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಎಷ್ಟು ಹೊತ್ತು ಏನು ಮಾಡುತ್ತದೆ ಅಂತ ಬರೆದುಕೊಳ್ಳುವುದು. ಲೆಕ್ಕ ಹಾಕಿದಾಗ ಮೂರು ಗುಂಪು ಕಂಡವು. ಸುಮ್ನೆ ಕೂರುವವು, ಜಗಳ ಕಾಯುವವು, ಹೊರಗೆ ಹೋಗಿ ಆಹಾರ ತರುವವು. 1983ರಲ್ಲಿ ಪ್ರಕಟವಾಯಿತು. ರಾಣಿ ಯಾವ ಗುಂಪು ಹೇಳಿ?

ದೊಡ್ಡಪ್ಪ: ಜಗಳ ಕಾಯುವುದೇ ಇರಬೇಕು. ಇಲ್ಲದಿದ್ದರೆ ರಾಜ್ಯ ನಡೆಯುತ್ತಾ?

ನಾನು: ಸುಮ್ನೆ ಕೂರುವ ಗುಂಪು! ನೋಡಲು ಉಳಿದವುಗಳ ಹಾಗೇ ಇರುತ್ತದೆ. ಅದನ್ನು ಗೂಡಿನಿಂದ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಕಣಜ ವಿಪರೀತ ಜಗಳಕ್ಕೆ ನಿಲ್ಲುತ್ತದೆ. ಅದೇ ಮುಂದಿನ ರಾಣಿ. ಮೊಟ್ಟೆ ಇಡಲು ಶುರು ಮಾಡಿ ಅಧಿಕಾರ ಗಟ್ಟಿಯಾದ ಮೇಲೆ ಅದೂ ತಣ್ಣಗಾಗುತ್ತದೆ.

ಭಾವ: ನಮ್ಮ ಮನೆಯಲ್ಲೂ ಇದೇ ವ್ಯವಸ್ಥೆ. ರಾಣಿ ಯಾರು ಅಂತ ಹೇಳಲಾರೆ.

ಅಕ್ಕ: ರೀ, ಹೊರಗೆ ಹೋಗಿ ಆಹಾರ ತರುವ ಗುಂಪು ನೀವು. ಕೊತ್ತಂಬರಿ ಸೊಪ್ಪು ಮುಗಿದಿದೆ.

ಅಕ್ಕ: ಇಲ್ಲಿ ಮೇಷ್ಟ್ರ ತಲೆಯಲ್ಲೂ ಉತ್ತರ ಇರಲಿಲ್ಲ, ಅದು ಒಪ್ಪಿದೆ. ಆದರೆ ನನ್ನ ಕ್ಲಾಸ್ ನೋಡು ಬಾ. ಅರವತ್ತು ಮಕ್ಕಳು. ನೋಡು ಅಂತ ಕೂರಿಸುವುದು ಸುಲಭ ಕಣೋ. ವಾಪಸ್ ಬಂದು ಒಬ್ಬೊಬ್ಬರನ್ನೂ ಏನು ಕಂಡೆ ಅಂತ ಕೇಳಬೇಕಲ್ಲ, ಅದಕ್ಕೆ ಹೊತ್ತೆಲ್ಲಿ? ಕೇಳದಿದ್ದರೆ ಮೂರು ದಿನ ಅಲ್ಲ, ಮೂರು ತಿಂಗಳು ಕೂರಿಸಿದರೂ ದಂಡ.

ನಾನು: ಗುಂಪು ಮಾಡಿ ವಾರಕ್ಕೊಂದು ಗುಂಪಿನ ಜೊತೆ ಕೂರಬಹುದಲ್ವಾ?

ಅಕ್ಕ: ಕೂರುತ್ತೇನೆ. ಸಿಲಬಸ್ ನೀನು ಬಂದು ಮುಗಿಸಿಕೊಡು.

ಪುಟ್ಟಿ: ಮಾಮ, ನಮ್ಮ ಲ್ಯಾಬ್ ಕಿಟಕಿಯಲ್ಲೂ ಒಂದು ಗೂಡಿದೆ. ಕಂದು ಬಣ್ಣ, ಕೆಳಗೆ ಬಾಯಿ ತೆರೆದ ಸಣ್ಣ ಸಣ್ಣ ಕೋಣೆ. ಶುಕ್ರವಾರ ಕರೆಂಟ್ ಹೋದಾಗ ನೋಡುತ್ತಾ ಕೂತಿದ್ದೆ. ಒಂದು ಕಣಜ ಹೊರಗಿನಿಂದ ಹಸಿರು ಉಂಡೆ ಕಚ್ಚಿಕೊಂಡು ಬಂತು. ಇಳಿದದ್ದೇ ತಡ, ಇನ್ನೆರಡು ಬಂದು ಅದರ ಬಾಯಿಂದ ಕಿತ್ತುಕೊಂಡವು. ಆಮೇಲೆ ಆ ಎರಡೂ ಒಂದೊಂದೇ ಕೋಣೆಗೆ ತಲೆ ಹಾಕಿ ತೆಗೆದವು. ತಂದದ್ದಕ್ಕೆ ಏನೂ ಉಳಿಯಲಿಲ್ಲ. ಮೀಸೆ ಒರೆಸಿಕೊಂಡು ಮತ್ತೆ ಹಾರಿತು. ಜಗಳ ಆಡದೆ ಯಾಕೆ ಕೊಟ್ಟುಬಿಟ್ಟಿತು ಅಂತ ಗೊತ್ತಾಗಲಿಲ್ಲ.

ಅಕ್ಕ: ಇದನ್ನು ನನಗೆ ಯಾಕೆ ಹೇಳಲಿಲ್ಲ?

ಪುಟ್ಟಿ: ಸಿಲಬಸ್‌ನಲ್ಲಿ ಇಲ್ಲ ಅಂತೀಯ ಅಂದುಕೊಂಡೆ ಅಮ್ಮ.

ಚಿಕ್ಕಮ್ಮ: ಕಚ್ಚಿದರೆ ಊದಿಕೊಳ್ಳುತ್ತೆ, ದೂರ ಕೂತು ನೋಡು ಮಗಳೇ.

ದೊಡ್ಡಪ್ಪ: ಕಿತ್ತುಕೊಂಡ ಎರಡು ಇದ್ದವಲ್ಲ, ಪ್ರತಿ ಸಲವೂ ಅವೇನಾ?

ಪುಟ್ಟಿ: ಎಲ್ಲ ಒಂದೇ ಥರ ಇವೆ ಅಜ್ಜ. ಚುಕ್ಕೆ ಇಟ್ಟರೇ ಗೊತ್ತಾಗುವುದು. ಆದರೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಅಂತ ಬುಧವಾರ ಕಿಟಕಿಗೆ ಪೇಂಟ್ ಮಾಡುತ್ತಾರಂತೆ. ಗೂಡು ಕಿತ್ತು ಹಾಕುತ್ತೇನೆ ಅಂದರು ಅಟೆಂಡರ್.

ಅಕ್ಕ: ನಿಮ್ಮ ಎಚ್‌ಒಡಿ ನಂಬರ್ ನನಗೆ ಕಳಿಸು. ನ್ಯಾಕ್‌ನವರಿಗೆ ಅದನ್ನೇ ವಿದ್ಯಾರ್ಥಿಗಳ ಪ್ರಾಜೆಕ್ಟ್ ಅಂತ ತೋರಿಸಿ ಅನ್ನುತ್ತೇನೆ. ಹೇಗೂ ಅವರಿಗೆ ಫೈಲ್‌ಗೆ ಫೋಟೊ ಬೇಕು.

ಭಾವ: ಅದಕ್ಕೆ ಎಷ್ಟು ಮಾರ್ಕ್ಸ್ ಅಂತಲೂ ಕೇಳು.

ದೊಡ್ಡಪ್ಪ: ಮಾರ್ಕ್ಸ್ ಆಮೇಲೆ ನೋಡೋಣ. ಬಣ್ಣ ನಾನು ತಂದುಕೊಡುತ್ತೇನೆ. ಕಣಜ ಹಿಡಿಯುವವರು ಯಾರು?